ಬಾಲವನ: ಅಜ್ಜ ಬಿಟ್ಟುಹೋದ ಗುಡ್ಡ

ದಕ್ಷಿಣ ಕನ್ನಡದ ಪುತ್ತೂರು ಏರಿಳಿತಗಳ ಊರು. ಒಂದು ಗುಡ್ಡ ಇಳಿದರೆ ಅಡಕೆ ತೋಟ, ಮತ್ತೊಂದು ಹತ್ತಿದರೆ ಗೇರುಮರಗಳ ಸಾಲು. ಮಹಾಲಿಂಗೇಶ್ವರ ದೇವಸ್ಥಾನದ ವಿಶಾಲವಾದ ಗದ್ದೆ, ಅಡಕೆ ವ್ಯಾಪಾರದ ಅಂಗಡಿಗಳು, ಗೇರು ಸಂಶೋಧನೆಯ ಕೇಂದ್ರ ಇವೆಲ್ಲ ಪೇಟೆಗೆ ಬಂದವರು ಕೇಳಿ ತಿಳಿಯುವ ಗುರುತುಗಳು. ಆದರೆ ಪುಸ್ತಕ ಓದುವ ಅಭ್ಯಾಸವಿರುವವರು ಪುತ್ತೂರಿಗೆ ಬಂದರೆ ಮೊದಲು ವಿಚಾರಿಸುವುದು ಬೇರೊಂದು ಜಾಗವನ್ನು. ಪೇಟೆಯ ಅಂಚಿನ ಪರ್ಲಡ್ಕದಲ್ಲಿ ಮರಗಳ ನಡುವೆ ಇರುವ ಆ ಗುಡ್ಡದ ಹೆಸರು ಬಾಲವನ. ಕೋಟ ಶಿವರಾಮ ಕಾರಂತರು ತಮ್ಮ ಬದುಕಿನ ಸುಮಾರು ನಾಲ್ಕು ದಶಕಗಳನ್ನು ಕಳೆದದ್ದು ಇಲ್ಲಿ ಮತ್ತು ಈ ಊರಿನಲ್ಲಿ.

ಅಜ್ಜನನ್ನು ಕರಾವಳಿಯಲ್ಲಿ ಅಜ್ಜ ಎನ್ನುತ್ತಾರೆ, ಹಳೆ ಮೈಸೂರಿನ ಕಡೆ ತಾತ, ಕಲಬುರಗಿ–ವಿಜಯಪುರದ ಕಡೆ ಮುತ್ಯಾ. ಆದರೆ ಈ ಒಬ್ಬರನ್ನು ಮಾತ್ರ ಎಲ್ಲ ಸೀಮೆಯ ಮಕ್ಕಳೂ ಕರಾವಳಿಯ ಮಾತಿನಲ್ಲೇ ಕರೆದರು. ಕಾರಂತಜ್ಜ! ಜ್ಞಾನಪೀಠ ಬಂದ ದೊಡ್ಡ ಸಾಹಿತಿ ಎಂಬುದು ಮಕ್ಕಳಿಗೆ ಮುಖ್ಯವಾಗಿರಲಿಲ್ಲ. ಬೆಳ್ಳಿ ಕೂದಲಿನ ಈ ಅಜ್ಜ ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾರೆ ಎಂಬುದೇ ಮುಖ್ಯವಾಗಿತ್ತು. 1997ರ ಡಿಸೆಂಬರ್ 9ರಂದು, 95ರ ಪ್ರಾಯದಲ್ಲಿ ಅವರು ತೀರಿಕೊಂಡಾಗ ಹಿರಿಯರು ‘ಕಡಲ ತೀರದ ಭಾರ್ಗವ’ನನ್ನು ಕಳೆದುಕೊಂಡರು. ಮಕ್ಕಳು ಕಳೆದುಕೊಂಡದ್ದು ಅಜ್ಜನನ್ನು.

ಆ ದಿನ ಪತ್ರಿಕೆ ಓದಿ ಕಣ್ಣು ತುಂಬಿಕೊಂಡ ಮಕ್ಕಳು ಈಗ ಸ್ವತಃ ತಂದೆ ತಾಯಿಗಳಾಗಿದ್ದಾರೆ. ಅವರ ಕೈ ಹಿಡಿದು ಬಾಲವನದ ಮೆಟ್ಟಿಲು ಹತ್ತುವ ಇಂದಿನ ಮಕ್ಕಳು ಕಾರಂತರನ್ನು ಕಂಡವರಲ್ಲ, ಅವರ ಧ್ವನಿ ಕೇಳಿದವರಲ್ಲ. ಕಾಣದ ಅಜ್ಜನನ್ನು ನೆನೆಯುವುದು ಹೇಗೆ? ಈ ಗುಡ್ಡ ಹತ್ತುವ ಪ್ರತಿಯೊಬ್ಬರ ಮುಂದೆಯೂ ಈ ಪ್ರಶ್ನೆ ಇದೆ. ಇದು ಬರೀ ಕಾರಂತರಿಗೆ ಸಂಬಂಧಿಸಿದ್ದಲ್ಲ. ಅಜ್ಜನನ್ನು ಕಳೆದುಕೊಂಡ ಪ್ರತಿ ಮನೆಯ ಪ್ರಶ್ನೆಯೂ ಹೌದು.

ಆಟದಿಂದ ಪಾಠ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಬಂತು. ಓದು ಬಿಟ್ಟರು. ಖಾದಿ ಪ್ರಚಾರ, ಪತ್ರಿಕೆ, ನಾಟಕ, ಮೂಕಿಚಿತ್ರ ಹೀಗೆ ಹತ್ತಾರು ಕೆಲಸಗಳಿಗೆ ಕೈಹಾಕಿದರು. ಪುತ್ತೂರಿನಲ್ಲಿ ಆಗ ಸಹಕಾರ ಚಳವಳಿಯ ಮುಂದಾಳು ಮೊಳಹಳ್ಳಿ ಶಿವರಾಯರಿದ್ದರು. ಅವರ ಸ್ನೇಹ ಕಾರಂತರನ್ನು ಈ ಊರಿನಲ್ಲಿ ನೆಲೆಯೂರುವಂತೆ ಮಾಡಿತು. ಇಬ್ಬರೂ ಸೇರಿ ಪುತ್ತೂರಿನಲ್ಲಿ ದಸರಾ ನಾಡಹಬ್ಬ ನಡೆಸಿದ್ದನ್ನು ಊರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಕಾಲೇಜು ಬಿಟ್ಟುಬಂದ ಈ ತರುಣನಿಗೆ ಕಲಿಕೆಯ ಮೇಲೆ ಮಾತ್ರ ಅಪಾರ ಪ್ರೀತಿ. ಬೆತ್ತ, ಬಾಯಿಪಾಠ, ಭಯ ಈ ಮೂರರ ಮೇಲೆ ನಿಂತ ಶಾಲೆ ಮಕ್ಕಳ ಕುತೂಹಲವನ್ನು ಕೊಲ್ಲುತ್ತದೆ ಎಂಬುದು ಅವರ ದೂರು. ದೂರಿ ಸುಮ್ಮನಾಗುವ ಸ್ವಭಾವ ಅವರದಲ್ಲ. 1930ರ ದಶಕದಲ್ಲಿ ಈ ಗುಡ್ಡದ ಮೇಲೆ ಬಾಲವನ ಕಟ್ಟಿದರು. ಮಕ್ಕಳು ಇಲ್ಲಿ ಆಡುತ್ತಿದ್ದರು, ಕುಣಿಯುತ್ತಿದ್ದರು, ಚಿತ್ರ ಬರೆಯುತ್ತಿದ್ದರು, ನಾಟಕ ಕಟ್ಟುತ್ತಿದ್ದರು. ಗಿಡ ಮರ ಹಕ್ಕಿಗಳೇ ಪಠ್ಯವಾಗಿದ್ದವು. ಇಂದು ದೊಡ್ಡ ಶುಲ್ಕ ಪಡೆಯುವ ಶಾಲೆಗಳು ‘ಚಟುವಟಿಕೆಯಿಂದ ಕಲಿಕೆ’ ಎಂದು ಜಾಹೀರಾತು ಕೊಡುವುದನ್ನು ಕಾರಂತರು ಅಂದೇ ಪಂಚೆ ಎತ್ತಿಕಟ್ಟಿಕೊಂಡು ಮಾಡಿದ್ದರು.

ಮಕ್ಕಳಿಗೆ ಓದಲು ಕನ್ನಡದಲ್ಲಿ ಒಳ್ಳೆಯ ಪುಸ್ತಕ ಇಲ್ಲವೆಂದು ಕಂಡಾಗ ತಾವೇ ಬರೆಯಲು ಕುಳಿತರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಹುಟ್ಟಿದ್ದು ಹಾಗೆ. ಆಕಾಶ, ಭೂಮಿ, ಪ್ರಾಣಿ, ಯಂತ್ರ, ಮನುಷ್ಯನ ಕಥೆ ಎಲ್ಲವನ್ನೂ ಒಬ್ಬನೇ ವ್ಯಕ್ತಿ ಮಕ್ಕಳ ಕನ್ನಡದಲ್ಲಿ ಹೇಳಿದ ವಿಶ್ವಕೋಶ ಅದು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂತು. ಅಕ್ಷರ ಕಲಿಯುವ ಎಳೆಯರಿಗೆ ‘ಓದುವ ಆಟ’ ಬಂತು. ಆ ಹೆಸರನ್ನು ಗಮನಿಸಬೇಕು. ಓದುವ ಪಾಠ ಅಲ್ಲ, ಓದುವ ಆಟ. ಮುದ್ರಣವೂ ತಮ್ಮದೇ ಆಗಿರಲಿ ಎಂದು ಪುತ್ತೂರಿನಲ್ಲಿ ಅಚ್ಚುಕೂಟ ಹಾಕಿದರು. ‘ಹರ್ಷ’ ಎಂಬ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿದರು. ಬರೆಯುವವರೂ ಅವರೇ, ಚಿತ್ರ ಹಾಕುವವರೂ ಅವರೇ, ಅಚ್ಚು ಹಾಕಿಸಿ ಮಾರುವವರೂ ಅವರೇ. ಇದರಿಂದ ಲಾಭವಾಯಿತೆಂದು ಯಾರೂ ಹೇಳುವುದಿಲ್ಲ.

ತಮ್ಮ ಸ್ವಂತ ಮಕ್ಕಳನ್ನೂ ಅವರು ಎಳೆಯ ಪ್ರಾಯದಲ್ಲೇ ಶಾಲೆಗೆ ದೂಡುವ ಅವಸರ ಮಾಡಲಿಲ್ಲ. ಪುತ್ತೂರಿನ ಈ ಕಾಡುಗುಡ್ಡಗಳ ನಡುವೆ ಬೆಳೆದ ಮಗ ಉಲ್ಲಾಸ ಕಾರಂತ ಮುಂದೆ ಹುಲಿಗಳ ಅಧ್ಯಯನದಲ್ಲಿ ಜಗತ್ತಿಗೆ ಪರಿಚಿತರಾದ ವಿಜ್ಞಾನಿ. ಮಗಳು ಮಾಳವಿಕಾ ಕಪೂರ್ ಮಕ್ಕಳ ಮನಃಶಾಸ್ತ್ರದಲ್ಲಿ ಹೆಸರು ಮಾಡಿದವರು. ಮೂರನೆಯ ತರಗತಿಯ ಅಂಕಪಟ್ಟಿ ಹಿಡಿದು ಚಿಂತಿಸುವ ತಂದೆ ತಾಯಿಗಳು ಬಾಲವನದಲ್ಲಿ ಸ್ವಲ್ಪ ಹೊತ್ತು ಕುಳಿತು ಯೋಚಿಸಬೇಕಾದ ಸಂಗತಿ ಇದು.

ಕಾಗದ ಬರೆದರೆ ಉತ್ತರ

ಕಾರಂತರು ಮೊಮ್ಮಕ್ಕಳ ಬಳಗವನ್ನು ನಾಡಿಗೆಲ್ಲ ಹರಡಿದ್ದು ಇಳಿವಯಸ್ಸಿನಲ್ಲಿ. ಮಣಿಪಾಲದ ‘ತರಂಗ’ ವಾರಪತ್ರಿಕೆಯ ‘ಬಾಲವನ’ ಅಂಕಣದಲ್ಲಿ ಅವರು ಮಕ್ಕಳ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಪುತ್ತೂರಿನ ಗುಡ್ಡದ ಹೆಸರು ಹೀಗೆ ಪತ್ರಿಕೆಯ ಪುಟಕ್ಕೆ ಬಂತು. ಶಾಲೆಯಲ್ಲಿ ಕೇಳಿದರೆ ‘ಸುಮ್ಮನೆ ಕೂತ್ಕೋ’ ಎನ್ನಿಸಿಕೊಳ್ಳುವ ಪ್ರಶ್ನೆಗೂ ಅಜ್ಜನಲ್ಲಿ ಜಾಗವಿತ್ತು. ವಾರಪತ್ರಿಕೆ ಮನೆಗೆ ಬಂದ ಕೂಡಲೇ ಅಣ್ಣ ತಂಗಿಯರ ನಡುವೆ ಆ ಪುಟಕ್ಕಾಗಿ ಜಗಳ ನಡೆಯುತ್ತಿದ್ದ ಕಾಲವದು.

ದೊಡ್ಡವರ ಪಾಲಿಗೆ ಕಾರಂತರು ಸುಲಭದ ಮನುಷ್ಯ ಆಗಿರಲಿಲ್ಲ. ಮಾತು ನೇರ, ಸಿಟ್ಟು ಬೇಗ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರು ಅವರು. ಕೈಗಾ ಅಣುಸ್ಥಾವರದ ವಿರುದ್ಧ ಬೀದಿಗಿಳಿದರು. ಮುಂದಿನ ತಲೆಮಾರಿನ ಚಿಂತೆ ಅವರನ್ನು ಅಲ್ಲಿಗೇ ನಿಲ್ಲಲು ಬಿಡಲಿಲ್ಲ. 1989ರಲ್ಲಿ, 87ರ ಪ್ರಾಯದಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಸೋತರು. ಸೋಲುತ್ತೇವೆಂದು ತಿಳಿದೂ ಹಟ ಬಿಡದ ಅಜ್ಜಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಹಟ ಮೊಮ್ಮಕ್ಕಳಿಗಾಗಿ ಎಂದು ಗೊತ್ತಾಗುವ ಹೊತ್ತಿಗೆ ಅವರು ಇರುವುದಿಲ್ಲ.

ಈಗಿನ ಬಾಲವನ

ಈಗ ಬಾಲವನ ಸರ್ಕಾರದ ಸುಪರ್ದಿಯಲ್ಲಿದೆ. ಒಂದು ಕಾಲಕ್ಕೆ ಗೋಡೆ ಶಿಥಿಲವಾಗಿದ್ದ ಕಾರಂತರ ಮನೆಯನ್ನು ದುರಸ್ತಿ ಮಾಡಲಾಗಿದೆ. ಹಳೆಯ ನಾಟ್ಯಶಾಲೆ ಇದೆ, ಬಯಲು ರಂಗಮಂದಿರ ಇದೆ, ಗ್ರಂಥಾಲಯ ಇದೆ. ಆವರಣದಲ್ಲಿ ಈಜುಕೊಳವೂ ಇದ್ದು, ಊರಿನ ಮಕ್ಕಳು ಇಲ್ಲಿ ತರಬೇತಿ ಪಡೆಯುತ್ತಾರೆ. ಅಕ್ಟೋಬರ್ ತಿಂಗಳಲ್ಲಿ ಕಾರಂತರ ಜನ್ಮದಿನದ ಕಾರ್ಯಕ್ರಮ, ಬಾಲವನ ಪ್ರಶಸ್ತಿ ಪ್ರದಾನ ನಡೆಯುತ್ತವೆ.

ಮನೆ ಹೊಕ್ಕವರಿಗೆ ಆಶ್ಚರ್ಯವಾಗುವುದು ಅದರ ಸರಳತೆ. ನಾನೂರಕ್ಕೂ ಮಿಕ್ಕಿ ಪುಸ್ತಕ ಬರೆದವನ ಮನೆ ಎಂದರೆ ಅರಮನೆಯಂತೆ ಇರಬಹುದು ಎಂದುಕೊಂಡು ಬಂದ ಮಕ್ಕಳು ‘ಇಷ್ಟೇನಾ?’ ಎಂದು ಅಪ್ಪನ ಮುಖ ನೋಡುವುದುಂಟು. ಅಪ್ಪ ಅಮ್ಮಂದಿರು ಮೊಬೈಲ್ ತೆಗೆದು ಒಂದು ಫೋಟೊ ಹಿಡಿದು, ಈಜುಕೊಳದ ಕಡೆ ಇಣುಕಿ, ಅರ್ಧ ಗಂಟೆಯಲ್ಲಿ ಧರ್ಮಸ್ಥಳದ ದಾರಿ ಹಿಡಿಯುವುದೂ ಉಂಟು. ಹಾಗೆ ನೋಡಿದರೆ ಇಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ. ಬಾಲವನ ನೋಡಲು ಕಟ್ಟಿದ ಜಾಗವೇ ಅಲ್ಲ. ಮಕ್ಕಳು ಏನನ್ನಾದರೂ ಮಾಡಲೆಂದು ಕಟ್ಟಿದ ಜಾಗ. ರಜಾಕಾಲದ ಶಿಬಿರಗಳಲ್ಲಿ ಮಕ್ಕಳು ಬಣ್ಣ ಮೆತ್ತಿಕೊಂಡು, ನಾಟಕದ ಮಾತು ಒಪ್ಪಿಸುತ್ತಾ ಓಡಾಡುವ ದಿನ ಬಂದವರಿಗೆ ಇದರ ನಿಜವಾದ ರೂಪ ಕಾಣುತ್ತದೆ.

ಬಡಿಸಿ ನೆನೆಯುವ ನಾಡು

ಪುತ್ತೂರಿನ ಸುತ್ತಲಿನದು ತುಳುನಾಡು. ಸತ್ತ ಹಿರಿಯರನ್ನು ನೆನೆಯುವ ರೀತಿಯಲ್ಲಿ ಈ ನಾಡಿಗೆ ತನ್ನದೇ ಕ್ರಮವಿದೆ. ಮಳೆ ಧಾರಾಕಾರ ಸುರಿಯುವ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಅನೇಕ ಮನೆಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಬಾಳೆಎಲೆಯಲ್ಲಿ ಬಡಿಸುತ್ತಾರೆ. ಅಜ್ಜನಿಗೆ ಏನು ಇಷ್ಟವಿತ್ತೋ ಅದನ್ನು ಅಡುಗೆ ಮಾಡುತ್ತಾರೆ. ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ ಕಾಯುತ್ತಾರೆ. ನಂತರ ಮನೆಮಂದಿಯೆಲ್ಲ ಕುಳಿತು ಊಟ ಮಾಡುತ್ತಾರೆ. ಊಟದ ನಡುವೆ ಅಜ್ಜನ ಮಾತು, ಅಜ್ಜನ ಸಿಟ್ಟು, ಅಜ್ಜ ನೆಟ್ಟ ಹಲಸಿನ ಮರ ಎಲ್ಲವೂ ಬರುತ್ತವೆ. ಅಜ್ಜನನ್ನು ಕಾಣದ ಮಗುವಿಗೆ ಅಜ್ಜ ಪರಿಚಯವಾಗುವುದು ಆ ಎಲೆಯ ಮುಂದೆ.

ಕಳೆದುಹೋದ ವಸ್ತು ಸಿಗಲಿ ಎಂದು ಜನ ಹರಕೆ ಹೇಳಿಕೊಳ್ಳುವ ದೈವವೂ ಇಲ್ಲಿ ಅಜ್ಜನೇ, ಕೊರಗಜ್ಜ. ಹೀಗಿರುವ ನಾಡಿನ ನಡುವೆ ಬದುಕಿದ ಕಾರಂತರಿಗೆ ತಾವು ಕಾಣದ ದೇವರ ಬಗ್ಗೆ, ಸತ್ತ ಮೇಲಿನ ಲೋಕದ ಬಗ್ಗೆ ನಂಬಿಕೆ ಇರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಜನರ ನಂಬಿಕೆಯ ಹಿಂದಿನ ಪ್ರೀತಿಯನ್ನು ಅವರಷ್ಟು ಆಸ್ಥೆಯಿಂದ ನೋಡಿದವರು ಕಡಿಮೆ. ಜ್ಞಾನಪೀಠ ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಅಜ್ಜಿ ಮಾತಾಡುವುದು ಮೊಮ್ಮಗ ಸುಬ್ಬರಾಯ ಕೇಳುತ್ತಾ ಹೋಗುವುದರಿಂದ. ಅವನು ಕೇಳದೆ ಇದ್ದಿದ್ದರೆ ಮೂಕಜ್ಜಿ ಹೆಸರಿಗೆ ತಕ್ಕಂತೆ ಮೂಕಿಯಾಗಿಯೇ ಉಳಿಯುತ್ತಿದ್ದಳು.

ಬೆಟ್ಟದ ಅಜ್ಜ, ಕಡಲ ಅಜ್ಜ

ಪುತ್ತೂರಿನಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ಹೋದರೆ ಸುಬ್ರಹ್ಮಣ್ಯ. ತಲೆಯೆತ್ತಿದರೆ ಕುಮಾರ ಪರ್ವತ. 1943ರಲ್ಲಿ ಬಂದ ‘ಬೆಟ್ಟದ ಜೀವ’ದ ಸೀಮೆ ಇದು. ಕತ್ತಲಲ್ಲಿ ದಾರಿ ತಪ್ಪಿದ ಒಬ್ಬ ಯುವಕ ಗೋಪಾಲಯ್ಯ ಎಂಬ ಮುದುಕರ ಮನೆ ಸೇರುತ್ತಾನೆ. ಕಾಡು ಕಡಿದು ತೋಟ ಕಟ್ಟಿದ ಗಟ್ಟಿ ಜೀವ ಅದು. ಮನೆ ಬಿಟ್ಟು ಹೋದ ಮಗನ ನೋವನ್ನು ಎದೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ಬಾಯಿತುಂಬ ಮಾತು, ಹೊಟ್ಟೆತುಂಬ ಊಟ ಕೊಡುವ ಗೋಪಾಲಯ್ಯ, ಶಂಕರಮ್ಮ ದಂಪತಿಗಳನ್ನು ಓದಿದವರು ಮರೆಯಲಾರರು. 2010ರ ದಶಕದ ಆರಂಭದಲ್ಲಿ ಪಿ. ಶೇಷಾದ್ರಿ ಇದನ್ನು ಚಲನಚಿತ್ರ ಮಾಡಿದರು. ಈಗ ಅದೇ ದಾರಿಯಲ್ಲಿ ಬಸ್ಸುಗಳು ಸಾಲುಸಾಲಾಗಿ ಓಡುತ್ತವೆ. ಆದರೂ ಮಳೆಗಾಲದ ಸಂಜೆ, ಅಡಕೆ ತೋಟದ ನಡುವಿನ ಒಂಟಿ ಮನೆಯಲ್ಲಿ ದೀಪ ಹೊತ್ತಿದ್ದು ಬಸ್ಸಿನ ಕಿಟಕಿಯಿಂದ ಕಂಡರೆ, ಒಳಗೆ ಯಾರೋ ಗೋಪಾಲಯ್ಯ ಕವಳ ಹಾಕುತ್ತಾ ಕುಳಿತಿರಬಹುದು ಅನ್ನಿಸುತ್ತದೆ.

ಇನ್ನೊಂದು ದಾರಿ ಕಡಲಿನ ಕಡೆಗೆ. ಮಂಗಳೂರು, ಉಡುಪಿ ದಾಟಿ ಕುಂದಾಪುರದತ್ತ ಹೊರಟರೆ ಉಡುಪಿಯಿಂದ ಸುಮಾರು 20 ಕಿ.ಮೀ. ದೂರದಲ್ಲಿ ಸಾಲಿಗ್ರಾಮ, ಅದಕ್ಕೆ ಹೊಂದಿಕೊಂಡಂತೆ ಕೋಟ. ಪುತ್ತೂರು ಬಿಟ್ಟ ನಂತರ ಕಾರಂತರು ಕೊನೆಯವರೆಗೆ ಇದ್ದದ್ದು ಸಾಲಿಗ್ರಾಮದಲ್ಲಿ. ಹುಟ್ಟಿದ ಮಣ್ಣಿನ ಪಕ್ಕಕ್ಕೇ ಮರಳಿ ಬಂದರು. ಕೋಟದಲ್ಲಿ ಅವರ ನೆನಪಿಗಾಗಿ ಥೀಮ್ ಪಾರ್ಕ್ ಇದೆ. ಕಾರಂತರ ಹೆಸರಿನ ಹುಟ್ಟೂರ ಪ್ರಶಸ್ತಿಯಲ್ಲಿ ಕೋಟತಟ್ಟು ಗ್ರಾಮ ಪಂಚಾಯತಿಯ ಪಾಲಿದೆ. ತನ್ನ ಊರಿನ ಸಾಹಿತಿಗಾಗಿ ಹೀಗೆ ಕೈಜೋಡಿಸುವ ಪಂಚಾಯತಿಗಳು ಎಷ್ಟಿವೆ?

ಸಾಲಿಗ್ರಾಮದಿಂದ ಪಶ್ಚಿಮಕ್ಕೆ ನಡೆದರೆ ಹಿನ್ನೀರು, ಕಾಂಡ್ಲಾ ಗಿಡಗಳ ಹಸಿರು, ಆಚೆಗೆ ಕಡಲಿನ ಸದ್ದು. ನದಿಗೂ ಸಮುದ್ರಕ್ಕೂ ನಡುವಿನ ಮರಳ ಪಟ್ಟಿಯ ಊರು ಕೋಡಿ. 1940ರ ದಶಕದ ಆರಂಭದಲ್ಲಿ ಬಂದ ‘ಮರಳಿ ಮಣ್ಣಿಗೆ’ ಕಾದಂಬರಿ ನಡೆಯುವುದು ಇಂಥ ಕೋಡಿಯಲ್ಲಿ. ಮೂರು ತಲೆಮಾರಿನ ಕಥೆ. ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ಮತ್ತೆ ರಾಮ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಹಳೆಯ ಪದ್ಧತಿ. ತೀರಿಕೊಂಡವರ ಹೆಸರು ಮನೆಯಲ್ಲಿ ಮತ್ತೆ ದಿನಕ್ಕೆ ಹತ್ತು ಬಾರಿ ಕೇಳುತ್ತಿರಲಿ ಎಂಬ ಆಸೆ ಅದರಲ್ಲಿದೆ. ಆದರೆ ಕಾದಂಬರಿ ಹೆಸರಿಗೇ ನಿಲ್ಲುವುದಿಲ್ಲ. ಓದಿ, ಪಟ್ಟಣ ಸುತ್ತಿ, ಸ್ವಾತಂತ್ರ್ಯ ಚಳವಳಿಯ ಬಿಸಿ ಕಂಡ ಮೊಮ್ಮಗ ಹಿರಿಯರ ಮಣ್ಣಿಗೆ ಮರಳುತ್ತಾನೆ. ಆ ಮಣ್ಣನ್ನು ಬೆವರು ಸುರಿಸಿ ಉಳಿಸಿದವರು ಮನೆಯ ಹೆಂಗಸರು ಎಂಬುದನ್ನೂ ಕಾರಂತರು ಮರೆಯದೆ ಹೇಳಿದ್ದಾರೆ. ಅಜ್ಜನನ್ನು ನೆನೆಯುವಾಗ ಅಜ್ಜಿಯನ್ನು ಬಿಡಬಾರದೆಂಬ ಪಾಠವೂ ಇಲ್ಲಿದೆ.

ಅಳಿದ ಮೇಲೆ ಉಳಿಯುವುದು

ಸತ್ತವರನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನೇ ಹಿಡಿದು ಕಾರಂತರು 1960ರಲ್ಲಿ ಒಂದು ಕಾದಂಬರಿ ಬರೆದರು. ‘ಅಳಿದ ಮೇಲೆ’ ಅದರ ಹೆಸರು. ರೈಲಿನಲ್ಲಿ ಪರಿಚಯವಾದ ಯಶವಂತರಾಯ ಎಂಬ ಹಿರಿಯರು ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ತಮ್ಮ ಹಣವನ್ನೂ ಕಾಗದಪತ್ರಗಳನ್ನೂ ಕಥೆ ಹೇಳುವವರಿಗೆ ಬಿಟ್ಟಿರುತ್ತಾರೆ. ಆ ಕಾಗದಗಳ ಜಾಡು ಹಿಡಿದು ನಿರೂಪಕ ಊರೂರು ತಿರುಗುತ್ತಾನೆ. ಯಶವಂತರಾಯರನ್ನು ಬಲ್ಲವರನ್ನೆಲ್ಲ ಕಂಡು ಮಾತಾಡಿಸುತ್ತಾನೆ. ಒಬ್ಬೊಬ್ಬರು ಹೇಳುವುದು ಒಂದೊಂದು ರೀತಿ. ಕೆಲವರಿಗೆ ಆತ ದೇವರು, ಕೆಲವರಿಗೆ ಸಾಲಗಾರ. ಲೋಕದಿಂದ ತಾನು ಪಡೆದದ್ದೆಷ್ಟು, ಹಿಂದಕ್ಕೆ ಕೊಟ್ಟದ್ದೆಷ್ಟು ಎಂಬ ಲೆಕ್ಕ ಆ ಮನುಷ್ಯನನ್ನು ಕೊನೆಯವರೆಗೆ ಕಾಡಿತ್ತು ಎಂದು ಓದುಗರಿಗೆ ನಿಧಾನವಾಗಿ ತಿಳಿಯುತ್ತದೆ.

ಈ ಕಾದಂಬರಿ ಓದಿದ ಮೇಲೆ ಬಾಲವನದ ಪ್ರವಾಸದ ಅರ್ಥ ಬದಲಾಗುತ್ತದೆ. ಅಜ್ಜ ತೀರಿಕೊಂಡಾಗ ಮನೆಯಲ್ಲಿ ಉಳಿಯುವುದು ಗೋಡೆಯ ಫೋಟೊ, ಊರುಗೋಲು, ಕನ್ನಡಕ. ವರ್ಷಕ್ಕೊಮ್ಮೆ ಹಾರ ಹಾಕಿದರೆ ಋಣ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಅಜ್ಜ ಯಾರು ಎಂಬುದು ಆ ವಸ್ತುಗಳಿಗೆ ಗೊತ್ತಿಲ್ಲ. ಅಜ್ಜಿಗೆ ಗೊತ್ತು, ಅಜ್ಜನ ಗೆಳೆಯರಿಗೆ ಗೊತ್ತು, ಅಜ್ಜನ ಜೊತೆ ಗದ್ದೆಯಲ್ಲಿ ದುಡಿದವರಿಗೆ ಗೊತ್ತು. ಅವರಿರುವಾಗಲೇ ಹೋಗಿ ಕೇಳಬೇಕು. ಅಜ್ಜ ಯಾವ ಶಾಲೆಗೆ ಹೋದರು, ಬಾವಿ ತೋಡಿದ್ದು ಯಾವ ವರ್ಷ, ಯಾರ ಸಾಲ ತೀರಿಸಲು ಯಾವ ಜಾಗ ಮಾರಿದರು, ಯಾವ ಮರ ನೆಟ್ಟರು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಬೇಸಗೆ ರಜೆಯಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಅಜ್ಜ ಇನ್ನೂ ಬದುಕಿರುವ ಪುಣ್ಯವಂತ ಮಕ್ಕಳು ನೇರವಾಗಿ ಅವರನ್ನೇ ಕೇಳಬಹುದು. ಅಪ್ಪ ಅಮ್ಮಂದಿರು ಮಾಡಬೇಕಾದದ್ದು ಇಷ್ಟೇ: ಮಕ್ಕಳನ್ನು ಟ್ಯೂಷನ್ನಿನಿಂದ ನಾಲ್ಕು ದಿನ ಬಿಡಿಸಿ ಊರಿಗೆ ಕರೆದುಕೊಂಡು ಹೋಗುವುದು.

ಪಡೆದದ್ದನ್ನು ಅಜ್ಜನಿಗೆ ತಿರುಗಿ ಕೊಡಲು ಬರುವುದಿಲ್ಲ. ನಂತರ ಬಂದವರಿಗೆ ಕೊಡಬೇಕು. ಕಾರಂತರೂ ಹಾಗೆಯೇ ಮಾಡಿದರು. ಬದುಕಿನ ಕೊನೆಯ ದಿನಗಳಲ್ಲಿ ಅವರು ಬರೆಯುತ್ತಿದ್ದದ್ದು ಆತ್ಮಕಥೆಯನ್ನಲ್ಲ, ಹಕ್ಕಿಗಳ ಬಗ್ಗೆ ಒಂದು ಪುಸ್ತಕವನ್ನು. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿದ್ದು 2002ರಲ್ಲಿ, ಕಾರಂತರು ಹುಟ್ಟಿ ನೂರು ವರ್ಷ ತುಂಬಿದಾಗ. ಅಜ್ಜ ತೀರಿಕೊಂಡು ಐದು ವರ್ಷವಾದ ಮೇಲೆ ಬಂದ ಆ ಪುಸ್ತಕ ಮೊಮ್ಮಕ್ಕಳಿಗೆ ಹೇಳುವುದು ಹಕ್ಕಿಗಳನ್ನು ನೋಡಿ ಎಂದು. ಬಾಲವನದ ಮರಗಳಲ್ಲಿ ಹಕ್ಕಿಗಳು ಈಗಲೂ ಬೇಕಾದಷ್ಟಿವೆ. ಫೋಟೊ ತೆಗೆದಾದ ಮೇಲೆ ಒಂದು ಕಟ್ಟೆಯ ಮೇಲೆ ಸುಮ್ಮನೆ ಕುಳಿತು, ಮಗು ‘ಅದು ಯಾವ ಹಕ್ಕಿ?’ ಎಂದು ಕೇಳುವವರೆಗೆ ಕಾದರೆ ಬಂದದ್ದು ಸಾರ್ಥಕ.

ಹೋಗುವುದು ಹೇಗೆ?

ಪುತ್ತೂರು ಮಂಗಳೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ. ಬೇಕಾದಷ್ಟು ಬಸ್ಸುಗಳಿವೆ. ರೈಲಿನಲ್ಲಿ ಬರುವವರು ಕಬಕ ಪುತ್ತೂರು ನಿಲ್ದಾಣದಲ್ಲಿ ಇಳಿಯಬೇಕು. ಪೇಟೆಯಿಂದ ಪರ್ಲಡ್ಕದ ಬಾಲವನಕ್ಕೆ ಆಟೋ ಸಿಗುತ್ತದೆ. ಪುತ್ತೂರಿನಲ್ಲಿ ಒಂದು ದಿನ, ಸುಬ್ರಹ್ಮಣ್ಯಕ್ಕೆ ಒಂದು ದಿನ, ಸಾಲಿಗ್ರಾಮ–ಕೋಟಕ್ಕೆ ಒಂದು ದಿನ ಎಂದು ಇಟ್ಟುಕೊಂಡರೆ ಅವಸರವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಬೇಕೇ ಬೇಕು. ಮಳೆ ಕಳೆದು ಗುಡ್ಡ ಇನ್ನೂ ಹಸಿರಾಗಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳು ಮಕ್ಕಳ ಜೊತೆ ಹೋಗಲು ಅನುಕೂಲ. ಹೊರಡುವ ಮೊದಲು ಕಾರಂತರ ಒಂದಾದರೂ ಪುಸ್ತಕ ಓದಿ ಹೋದರೆ ಮರಗಳ ನಡುವಿನ ಆ ಮನೆ ಚಿಕ್ಕದಾಗಿ ಕಾಣುವುದಿಲ್ಲ.